ನಾಲ್ಕಿಂಚಿನ ಕ್ಲಾಸೇ ನನಗೆ ಸಾಕು

ವಿಂಟೇಜ್ ಮೋಟೋಕ್ರಾಸ್, ಅಂದರೆ ಹಳೆಯ ಬೈಕುಗಳ ಮಣ್ಣಿನ ಟ್ರ್ಯಾಕ್ ರೇಸ್ ಬಗ್ಗೆ ಮಾತು ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಇಷ್ಟೊಂದು ಕ್ಲಾಸ್ ಇವೆಯಲ್ಲ, ನಿಮಗೆ ಯಾವುದು ಇಷ್ಟ?" ಕೇಳುವವರು ಒಂದು ಬೈಕಿನ ಹೆಸರು ಬರಲಿ ಅಂತ ಕಾಯುತ್ತಿರುತ್ತಾರೆ. ನಾನು ಹೇಳುವುದು ಒಂದು ಅಳತೆ. ಹಿಂದಿನ ಚಕ್ರ ನಾಲ್ಕು ಇಂಚಿಗಿಂತ ಜಾಸ್ತಿ ಮೇಲೆ ಕೆಳಗೆ ಆಡಬಾರದು ಅನ್ನುವ ಕ್ಲಾಸ್. ಅದರಲ್ಲೂ 250 ಸಿಸಿ.

"ಬರೀ ನಾಲ್ಕಿಂಚಾ? ಈಗಿನ ಬೈಕುಗಳಲ್ಲಿ ಹನ್ನೆರಡು ಇಂಚು ಇರುತ್ತಲ್ಲ!" ಅಂತ ನಗುತ್ತಾರೆ. ನಗಲಿ ಬಿಡಿ. ನನಗೆ ಈ ಕ್ಲಾಸ್ ಇಷ್ಟವಾಗಿರುವುದೇ ಆ ಕಾರಣಕ್ಕೆ.

ಮೊದಲು ಕ್ಲಾಸ್‌ಗಳ ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಹಳೆಯ ಬೈಕುಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಬಿಟ್ಟರೆ 1981ರ ಬೈಕು 1961ರ ಬೈಕಿಗೆ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿಸುತ್ತದೆ. ಅದಕ್ಕೇ ಭಾಗ ಮಾಡುತ್ತಾರೆ. ಬ್ರಿಟನ್ನಿನ ಕಡೆ ಪ್ರೀ-65, ಟ್ವಿನ್‌ಶಾಕ್, ಇವೋ ಅಂತ ಹೆಸರು. ಅಮೆರಿಕದಲ್ಲಿ ಹಳೆಯ ಬೈಕುಗಳ ರೇಸ್ ನಡೆಸುವ ಎ.ಎಚ್.ಆರ್.ಎಂ.ಎ. ಸಂಸ್ಥೆಯಲ್ಲಿ ಪ್ರೀಮಿಯರ್, ಕ್ಲಾಸಿಕ್, ಸ್ಪೋರ್ಟ್ಸ್‌ಮನ್, ಆಮೇಲೆ ಹಿಸ್ಟಾರಿಕ್, ಗ್ರಾನ್ ಪ್ರಿ, ಅಲ್ಟಿಮಾ. ಎಲ್ಲ ಕಡೆಯೂ ಬೈಕು ಯಾವ ವರ್ಷದ್ದು ಅನ್ನುವುದಕ್ಕಿಂತ ಅದರ ವಿನ್ಯಾಸ ಯಾವ ಕಾಲದ್ದು ಅನ್ನುವುದು ಮುಖ್ಯ. ಹಳೆಯ ಮಾದರಿಯನ್ನೇ ಬದಲಿಸದೆ ಎರಡು ಮೂರು ವರ್ಷ ತಡವಾಗಿ ತಯಾರಿಸಿದ್ದರೆ ಆ ಬೈಕು ಹಳೆಯ ಕ್ಲಾಸಿನಲ್ಲೇ ಓಡಬಹುದು.

ಸ್ಪೋರ್ಟ್ಸ್‌ಮನ್ ಕ್ಲಾಸ್ ಸುಮಾರು 1974ರವರೆಗಿನ ಬೈಕುಗಳಿಗೆ. ಮುಂದೆ ಏಳು ಇಂಚು, ಹಿಂದೆ ನಾಲ್ಕು ಇಂಚು, ಅಷ್ಟೇ. ಗೆರೆ ಅಲ್ಲೇ ಯಾಕೆ ಬಿತ್ತು ಅನ್ನುವುದಕ್ಕೆ ಕಾರಣ ಇದೆ. ಅಲ್ಲಿಯವರೆಗೆ ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳು ಚಕ್ರದ ಆಕ್ಸಲ್ ಹತ್ತಿರವೇ ನೆಟ್ಟಗೆ ನಿಂತಿರುತ್ತಿದ್ದವು. ಶಾಕ್ ಎಷ್ಟು ಕುಗ್ಗುತ್ತದೋ ಚಕ್ರವೂ ಹೆಚ್ಚುಕಡಿಮೆ ಅಷ್ಟೇ ಏಳುತ್ತಿತ್ತು. ಅದೇ ಶಾಕನ್ನು ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್‌ಆರ್ಮ್ ಮೇಲೆ ಮುಂದಕ್ಕೆ ಸರಿಸಿ ಓರೆಯಾಗಿ ಕೂರಿಸಿದರೆ? ಶಾಕ್ ಸ್ವಲ್ಪ ಕುಗ್ಗಿದರೂ ಚಕ್ರ ಎಷ್ಟೋ ಮೇಲೆ ಹೋಗುತ್ತದೆ. ಜರ್ಮನಿಯ ಮೈಕೋ ಬೈಕ್ ಕಂಪನಿಯವರು 1974ರ ಹೊತ್ತಿಗೆ ಇದನ್ನೇ ಮಾಡಿದರು. ಅದಕ್ಕೂ ಮುಂಚೆ ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಯೋಚಿಸಿದ ಒಂದೇ ಶಾಕಿನ ವ್ಯವಸ್ಥೆಯನ್ನು ಯಮಹಾ ತೆಗೆದುಕೊಂಡಿತ್ತು. ಆ ಬೈಕಿನಲ್ಲಿ ಹೋಕನ್ ಆಂಡರ್ಸನ್ 1973ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದರು. ಅಲ್ಲಿಂದ ಮುಂದೆ ಎಲ್ಲರೂ ಇಂಚುಗಳ ಹಿಂದೆ ಬಿದ್ದರು. ಎರಡು ಮೂರು ವರ್ಷದಲ್ಲಿ ನಾಲ್ಕಿಂಚಿನ ಬೈಕು ಮುದುಕನಾಗಿಬಿಟ್ಟಿತು.

ಈಗ ಓಡಿಸುವ ವಿಷಯ. ಸೀಟಿನ ಮೇಲೆ ನೀವು ಕೂತರೇ ನಾಲ್ಕು ಇಂಚಿನಲ್ಲಿ ಸುಮಾರು ಒಂದು ಇಂಚು ಹೋಯಿತು. ಉಳಿದದ್ದರಲ್ಲಿ ಇಡೀ ಟ್ರ್ಯಾಕ್ ಮುಗಿಸಬೇಕು. ತಿರುವಿಗೆ ಮುಂಚೆ ಎಲ್ಲರೂ ಬ್ರೇಕ್ ಹಿಡಿದು ಹಿಡಿದು ನೆಲದಲ್ಲಿ ಸಾಲು ಗುಂಡಿ ಬೀಳುತ್ತವಲ್ಲ, ಅಲ್ಲಿ ನೋಡಬೇಕು ಮಜಾ. ಹೊಸ ಬೈಕು ಅವನ್ನೆಲ್ಲ ನುಂಗಿಕೊಂಡು ಹೋಗುತ್ತದೆ. ಇದು ಮೊದಲ ಎರಡು ಗುಂಡಿ ತಾಳಿಕೊಂಡು ಮೂರನೆಯದಕ್ಕೆ ಹಿಂಭಾಗ ಎತ್ತಿ ಪಕ್ಕಕ್ಕೆ ಒಗೆಯುತ್ತದೆ. ಹಾಗಾಗಿ ಸವಾರ ಫುಟ್‌ರೆಸ್ಟ್ ಮೇಲೆ ನಿಂತೇ ಬರಬೇಕು, ಮಂಡಿ ಸಡಿಲ ಬಿಡಬೇಕು, ಹ್ಯಾಂಡಲ್ ಬಿಗಿಯಾಗಿ ಹಿಡಿಯಬಾರದು. ಇನ್ನೂ ಜಾಣರಾದರೆ ಗುಂಡಿ ಬಿದ್ದ ದಾರಿಯನ್ನೇ ಬಿಟ್ಟು ಹುಲ್ಲಿನ ಅಂಚಿಗೆ ಹೋಗುತ್ತಾರೆ. ದೂರ ಜಾಸ್ತಿ, ಆದರೂ ಬೇಗ. ಅಂಥವರು ಸುಸ್ತಾಗದೆ, ಅವಸರ ಮಾಡದೆ, ನಮ್ಮನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಅರವತ್ತು ದಾಟಿದವರೂ ಇರುತ್ತಾರೆ ಅದರಲ್ಲಿ. ಹೊಟ್ಟೆ ಉರಿಯುತ್ತದೆ, ಆದರೆ ನೋಡಿ ಕಲಿಯೋದೇ ಅಲ್ವಾ?

ಇನ್ನೊಂದು ಲಾಭವೂ ಇದೆ. ಈ ಬೈಕುಗಳಿಗೆ ಎರಡು ಮೂರು ದಿಬ್ಬ ಒಟ್ಟಿಗೆ ಹಾರುವ ದೊಡ್ಡ ಡಬಲ್, ಟ್ರಿಪಲ್ ಜಿಗಿತ ಕಟ್ಟುವ ಹಾಗಿಲ್ಲ, ಕಟ್ಟಿದರೆ ಮೂಳೆ ಮುರಿಯುತ್ತದೆ. ಹಾಗಾಗಿ ಟ್ರ್ಯಾಕ್ ಇದ್ದ ಗುಡ್ಡ, ಇದ್ದ ಇಳಿಜಾರಿನ ಮೇಲೇ ಹರಿದುಕೊಂಡು ಹೋಗುತ್ತದೆ. ಬೈಕಿನ ಮೇಲೆ ಹಾಕಿದ ಮಿತಿ ಟ್ರ್ಯಾಕನ್ನೂ ಹದದಲ್ಲಿ ಇಟ್ಟಿದೆ.

ನಿಯಮ ಇದ್ದ ಮೇಲೆ ಕಳ್ಳದಾರಿಯೂ ಇರಬೇಕಲ್ಲ. ತಪಾಸಣೆಯಲ್ಲಿ ಅನುಮಾನ ಬಂದರೆ ಶಾಕ್‌ನ ಸ್ಪ್ರಿಂಗ್ ಬಿಚ್ಚಿಸುತ್ತಾರೆ. ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಚಕ್ರ ಪೂರ್ತಿ ಜೋತುಬಿದ್ದಾಗ ಒಂದು ಗುರುತು, ಕೈಯಲ್ಲಿ ಎತ್ತಿ ಇನ್ನು ಏಳುವುದಿಲ್ಲ ಅಂದಾಗ ಇನ್ನೊಂದು. ಅಳತೆ ಹಿಡಿಯುವುದು ಆಕ್ಸಲ್ ಹತ್ತಿರ, ಶಾಕಿನ ರಾಡ್ ಮೇಲಲ್ಲ. ರಾಡ್ ಮೇಲೆ ಮೂರೂವರೆ ಇಂಚು ತೋರಿಸಿ ಏನೂ ಅರಿಯದವರ ಹಾಗೆ ಮುಖ ಮಾಡಿಕೊಂಡು ನಿಲ್ಲುವವರು ಆಕ್ಸಲ್ ಹತ್ತಿರ ಟೇಪ್ ಹಿಡಿದಾಗ ಸಿಕ್ಕಿಬೀಳುತ್ತಾರೆ. ಸ್ವಿಂಗ್‌ಆರ್ಮ್ ಮೇಲಿನ ಬ್ರಾಕೆಟ್ ಸ್ವಲ್ಪ ಮುಂದಕ್ಕೆ ಬೆಸುಗೆ ಹಾಕಿಸಿರುತ್ತಾರೆ, ಅಷ್ಟೇ. ಮೈಕೋದವರ ಅದೇ ಉಪಾಯ!

ನೋಡುವುದಕ್ಕೆ ಮಾತ್ರ ಕೇಳಿದರೆ ನನ್ನ ಉತ್ತರ ಬೇರೆ. ಆಗ ಪ್ರೀಮಿಯರ್ 500, ಅಂದರೆ ಅರವತ್ತೈದಕ್ಕಿಂತ ಹಿಂದಿನ ದೊಡ್ಡ ಫೋರ್ ಸ್ಟ್ರೋಕ್‌ಗಳು. ಬಿಎಸ್‌ಎ ಗೋಲ್ಡ್ ಸ್ಟಾರ್, ಮ್ಯಾಚ್‌ಲೆಸ್ ಜಿ80, ರಿಕ್‌ಮನ್ ಸಹೋದರರ ಮೆಟಿಸ್. ರೇಸ್‌ಗಿಂತ ಮುಂಚೆ ಗೋಲ್ಡ್ ಸ್ಟಾರ್ ಸ್ಟಾರ್ಟ್ ಮಾಡುವವರ ಪಕ್ಕ ಹೋಗಿ ನಿಲ್ಲಿ. ಮೊದಲು ಅಮಾಲ್ ಕಾರ್ಬುರೇಟರಿನ ಗುಂಡಿ ಒತ್ತಿ ಪೆಟ್ರೋಲ್ ಹೊರಗೆ ಜಿನುಗುವವರೆಗೆ ಬಿಡುವುದಿಲ್ಲ. ಆಮೇಲೆ ಹ್ಯಾಂಡಲ್ ಮೇಲಿನ ಲಿವರ್‌ನಿಂದ ಇಗ್ನಿಷನ್ ಹಿಂದಕ್ಕೆ ತರುತ್ತಾರೆ. ಕಿಕ್ಕರ್ ಮೆಲ್ಲಗೆ ಒತ್ತಿ ಪಿಸ್ಟನ್ ಮೇಲೆ ಬಂದು ಗಟ್ಟಿಯಾಗುವ ಜಾಗ ಹುಡುಕುತ್ತಾರೆ. ವಾಲ್ವ್ ಎತ್ತುವ ಲಿವರ್ ಹಿಡಿದು ಆ ಜಾಗ ಒಂದಿಷ್ಟೇ ದಾಟಿಸುತ್ತಾರೆ. ಆಮೇಲೆ ಇಡೀ ಮೈಭಾರ ಬಿಟ್ಟು ಒಂದು ಉದ್ದನೆಯ ಒದೆತ. ಇದರಲ್ಲಿ ಒಂದು ತಪ್ಪಿದರೂ ಕಿಕ್ಕರ್ ವಾಪಸ್ ಒದೆಯುತ್ತದೆ, ಕಣಕಾಲು ಜೋಪಾನ.

ಈ ಕ್ಲಾಸಿನ ಹಿಂದೆ ಒಂದು ಯುಗದ ಕೊನೆಯೂ ಇದೆ. ಜೆಫ್ ಸ್ಮಿತ್ 1964 ಮತ್ತು 1965ರಲ್ಲಿ ಬಿಎಸ್‌ಎ ಮೇಲೆ 500ರ ವಿಶ್ವ ಪಟ್ಟ ಗೆದ್ದರು. ಅವರ ಇಂಜಿನ್ ಪೂರ್ತಿ 500 ಕೂಡ ಅಲ್ಲ. ಮೊದಲು 420 ಸಿಸಿ, ಆಮೇಲೆ 441. ಹಗುರವಾಗಿದ್ದರೆ ಸಾಕು ಅಂತ ಲೆಕ್ಕ ಹಾಕಿದ್ದರು. 1966ರಲ್ಲಿ ಪೌಲ್ ಫ್ರೀಡ್ರಿಕ್ಸ್ ಜೆಕೊಸ್ಲೊವಾಕಿಯಾದ ಟೂ ಸ್ಟ್ರೋಕ್ ಬೈಕು ಸಿ-ಜೆಡ್ ತಂದು ಗೆದ್ದರು, ಮುಂದಿನ ಎರಡು ವರ್ಷವೂ ಬಿಡಲಿಲ್ಲ. ಆಮೇಲೆ 500ರ ಪಟ್ಟ ಮತ್ತೆ ಫೋರ್ ಸ್ಟ್ರೋಕ್‌ಗೆ ಸಿಕ್ಕಿದ್ದು 1993ರಲ್ಲಿ.

125 ಬಗ್ಗೆ ಕೇಳಿದರೆ, ಚಿಕ್ಕ ವಯಸ್ಸಿನವರಿಗೆ ಚೆನ್ನ. ಇಂಜಿನ್ ಕೂಗುತ್ತಲೇ ಇರಬೇಕು, ಒಂದು ಗೇರ್ ತಪ್ಪಿದರೆ ನಾಲ್ಕು ಜನ ಮುಂದೆ. ನನ್ನ ಮೈತೂಕಕ್ಕೆ ಅದು ಒಗ್ಗುವುದಿಲ್ಲ.

ಇವೋ ಮತ್ತು ಗ್ರಾನ್ ಪ್ರಿ ಕ್ಲಾಸ್‌ಗಳಿಗೆ ಅಭಿಮಾನಿಗಳು ಬಹಳ. ಗಾಳಿಯಲ್ಲೇ ತಣ್ಣಗಾಗುವ ಇಂಜಿನ್, ಡ್ರಮ್ ಬ್ರೇಕ್, ಹಿಂದೆ ಶಾಕಿಗೆ ಲಿಂಕೇಜ್, ಅಂದರೆ ಜೋಡಣೆಯ ಸನ್ನೆಗಳು ಇರಬಾರದು. ಟ್ರಾವೆಲ್, ಅಂದರೆ ಚಕ್ರ ಆಡುವ ಅಳತೆ ಮಾತ್ರ ಎಷ್ಟಾದರೂ ಆಗಲಿ. ಇಲ್ಲಿನ ರಾಜ 1981ರ ಮೈಕೋ 490, ಅದರಲ್ಲಿ ಎರಡು ಮಾತಿಲ್ಲ. ಅಷ್ಟು ಚೆನ್ನಾಗಿ ತಿರುಗುವ ದೊಡ್ಡ ಬೈಕು ಆ ಕಾಲದಲ್ಲಿ ಇನ್ನೊಂದಿರಲಿಲ್ಲ ಅನ್ನುವವರ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಇಲ್ಲಿ ವೇಗ ಹೆಚ್ಚು, ನಿಲ್ಲಿಸುವುದಕ್ಕೆ ಇರುವುದು ಅದೇ ಹಳೆಯ ಡ್ರಮ್. ನೀರಿನ ಹೊಂಡ ದಾಟಿದ ಮೇಲೆ ಅದೂ ಇರುವುದಿಲ್ಲ. ಬಿದ್ದರೆ ಜೋರಾಗಿಯೇ ಬೀಳುತ್ತೇವೆ.

ಅಲ್ಟಿಮಾದಲ್ಲಿ ಲಿಂಕೇಜ್ ಬಂತು, ನೀರಿನ ರೇಡಿಯೇಟರ್ ಬಂತು. ಒಳ್ಳೆಯ ಬೈಕುಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟು ಹೊಸದು ಬೇಕಾದರೆ ಸುಮ್ನೆ ಈಗಿನ ಬೈಕೇ ಓಡಿಸಬಹುದಲ್ಲ?

"ಹಾಗಾದರೆ ನಾನು ಶುರು ಮಾಡೋದು ಯಾವುದರಲ್ಲಿ?" ಇದು ಎರಡನೆಯ ಪ್ರಶ್ನೆ. ಸ್ಪೋರ್ಟ್ಸ್‌ಮನ್ 250ರಲ್ಲೇ ಶುರು ಮಾಡಿ, ಆದರೆ ಬೈಕು ನೋಡಿ ತಗೊಳ್ಳಿ. ಸಿ-ಜೆಡ್, ಬುಲ್ಟಾಕೋ ಪುರ್ಸಾಂಗ್ ನೋಡಿದರೆ ಆಸೆಯಾಗುತ್ತದೆ, ನಿಜ. ಮೊದಲ ಬೈಕಾಗಿ ನಾನು ಹೇಳುವುದು 1973ರ ಹೋಂಡಾ ಎಲ್ಸಿನೋರ್ ಸಿಆರ್250ಎಂ ಅಥವಾ ಆ ಕಾಲದ ಬೇರೊಂದು ಜಪಾನಿ ಟೂ ಸ್ಟ್ರೋಕ್. ಒಂದೆರಡು ಒದೆತಕ್ಕೆ ಸ್ಟಾರ್ಟ್ ಆಗುತ್ತದೆ, ಬಿಡಿಭಾಗ ಹುಡುಕುವುದೂ ಅಷ್ಟು ಕಷ್ಟವಲ್ಲ. ಕೊಳ್ಳುವ ಮುಂಚೆ ಸ್ವಿಂಗ್‌ಆರ್ಮ್ ಬೋಲ್ಟ್ ಹತ್ತಿರ ಫ್ರೇಮ್ ಬಿರುಕು ಬಿಟ್ಟಿದೆಯಾ ನೋಡಿ, ಹಿಂದಿನ ಚಕ್ರ ಹಿಡಿದರೆ ಪಕ್ಕಕ್ಕೆ ಅಲ್ಲಾಡುತ್ತದೆಯಾ ನೋಡಿ. ಆ ಎಡವಟ್ಟುಗಳಿದ್ದರೆ ಬೇರೆ ಬೈಕು ಹುಡುಕಿ. ಪೇಂಟ್ ಹೋಗಿದ್ದರೆ ಚಿಂತೆ ಬೇಡ, ಮೊದಲ ರೇಸ್ ಮುಗಿಯುವಷ್ಟರಲ್ಲಿ ಹೇಗೂ ಹೋಗುತ್ತದೆ.