ಲಾಗಿನ್ ಪುಟವನ್ನು ಬ್ರೌಸರ್‌ಗೆ ಒಪ್ಪಿಸಿದ ದಿನ

ಸಾಮಾಜಿಕ ಜಾಲತಾಣದ ಖಾತೆಯಿಂದಲೇ ನಮ್ಮ ಆ್ಯಪ್‌ಗೆ ಲಾಗಿನ್ ಆಗುವ ಸೌಲಭ್ಯ ಇರಬೇಕೆಂಬುದರಲ್ಲಿ ತಂಡದ ಯಾರಿಗೂ ತಕರಾರು ಇರಲಿಲ್ಲ. ಹೊಸದೊಂದು ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಹೊರೆ ಬಳಕೆದಾರರಿಗೂ, ಅದನ್ನು ಕಾಪಾಡುವ ಹೊಣೆ ನಮಗೂ ತಪ್ಪುತ್ತಿತ್ತು. ವಾದ ಹುಟ್ಟಿದ್ದು ಆ ಲಾಗಿನ್ ಪುಟ ಎಲ್ಲಿ ತೆರೆದುಕೊಳ್ಳಬೇಕು ಎಂಬ ಬಗ್ಗೆ. ಬಳಕೆದಾರರಿಗೆ ಆ್ಯಪ್ ಬಿಟ್ಟು ಹೊರಗೆ ಹೋದಂತೆ ಅನ್ನಿಸಬಾರದು, ಆದ್ದರಿಂದ ಪುಟವು ಒಳಗಿನ ವೆಬ್‌ವ್ಯೂನಲ್ಲೇ (ಆ್ಯಪ್ ತನ್ನೊಳಗೇ ವೆಬ್ ಪುಟ ತೋರಿಸುವ ಕಿಟಕಿ), ಅಡ್ರೆಸ್ ಬಾರ್ ಇಲ್ಲದೆ, ನಮ್ಮದೇ ಬಣ್ಣಗಳ ಚೌಕಟ್ಟಿನಲ್ಲಿ ಕಾಣಬೇಕು ಎಂದು ವಿನ್ಯಾಸ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಪಟ್ಟು ಹಿಡಿದರು.

ನಾನು ಮಾತಿನಲ್ಲಿ ಒಪ್ಪಿಸಲು ಹೋಗಲಿಲ್ಲ. ಗೂಗಲ್ ತನ್ನ ಲಾಗಿನ್ ಅನ್ನು ವೆಬ್‌ವ್ಯೂಗಳಲ್ಲಿ ತಡೆದಿರುವುದರಿಂದ, ಹಾಗೆ ತಡೆಯದ ಬೇರೊಂದು ಸೇವೆಯ ಪರೀಕ್ಷಾ ಖಾತೆಯನ್ನು ಆರಿಸಿಕೊಂಡು, ವೆಬ್‌ವ್ಯೂಗೆ ಕೆಲವೇ ಸಾಲುಗಳ ಜಾವಾಸ್ಕ್ರಿಪ್ಟ್ ಸೇರಿಸಿ ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಪಾಸ್‌ವರ್ಡ್ ಟೈಪ್ ಮಾಡುತ್ತಿದ್ದಂತೆ ಒಂದೊಂದು ಅಕ್ಷರವೂ ನನ್ನ ಲ್ಯಾಪ್‌ಟಾಪ್‌ನ ಪರದೆಯ ಮೇಲೆ ಮೂಡತೊಡಗಿತು. ಪುಟ ಅಸಲಿಯೇ ಆಗಿತ್ತು; ಆದರೆ ಅದನ್ನು ತೋರಿಸುವ ಆ್ಯಪ್‌ಗೆ ಅದರೊಳಗಿನದೆಲ್ಲವೂ ಎಟುಕುತ್ತದೆ. ನಾವು ಕದಿಯುವವರಲ್ಲ ಎಂಬುದು ನಮಗೆ ಗೊತ್ತು, ಬಳಕೆದಾರರಿಗೆ ಅದು ಗೊತ್ತಾಗುವುದಾದರೂ ಹೇಗೆ? (ನಾವು ಆ್ಯಪ್‌ಗೆ ತುಂಬಿಕೊಂಡ ಹೊರಗಿನವರು ಬರೆದ ಸಿದ್ಧ ಪ್ರೋಗ್ರಾಂಗಳ, ಅಂದರೆ ಲೈಬ್ರರಿಗಳ ಬಗ್ಗೆಯಂತೂ ನಾನೇ ಅಷ್ಟು ಧೈರ್ಯದಿಂದ ಹೇಳಲಾರೆ.) 2017ರಲ್ಲಿ ಬಂದ ಆರ್‌ಎಫ್‌ಸಿ 8252 ಎಂಬ ಅಂತರ್ಜಾಲ ಮಾರ್ಗಸೂಚಿಯು ಆ್ಯಪ್‌ಗಳು ಬೇರೊಂದು ಸೇವೆಯ ಖಾತೆಯಿಂದ ಲಾಗಿನ್ ಕೋರುವಾಗ ವೆಬ್‌ವ್ಯೂ ಬಳಸಕೂಡದೆಂದು ವಿಧಿಸಿರುವುದೂ ಇದೇ ಕಾರಣಕ್ಕೆ.

ಮಧ್ಯಾಹ್ನದ ಹೊತ್ತಿಗೆ ಆಂಡ್ರಾಯ್ಡ್‌ನಲ್ಲಿ ಬ್ರೌಸರನ್ನೇ ಆ್ಯಪ್‌ನ ಮೇಲೆ ತೆರೆಯುವ ಕಸ್ಟಮ್ ಟ್ಯಾಬ್, ಐಫೋನ್‌ನಲ್ಲಿ ಸಿಸ್ಟಂನದೇ ಲಾಗಿನ್ ಕಿಟಕಿ ಎಂದು ತೀರ್ಮಾನವಾಯಿತು. ಬ್ರೌಸರ್‌ನಲ್ಲಿ ಮೊದಲೇ ಲಾಗಿನ್ ಆಗಿದ್ದವರು ಪಾಸ್‌ವರ್ಡನ್ನೇ ಟೈಪ್ ಮಾಡದೆ, ಬರೀ ಒಪ್ಪಿಗೆ ಕೊಟ್ಟು ಮುಂದೆ ಹೋದದ್ದನ್ನು ಕಂಡ ಮೇಲೆ ಸಹೋದ್ಯೋಗಿಯ ಅರ್ಧ ಆಕ್ಷೇಪ ಕರಗಿತು. ಐಫೋನ್ ನಡುವೆ ಒಡ್ಡುವ ಅನುಮತಿಯ ಪ್ರಶ್ನೆ ಮಾತ್ರ ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ. ನನಗೋ, ನಾವು ಮುಟ್ಟಲಾಗದ ಆ ಒರಟು ಪೆಟ್ಟಿಗೆಯೇ ಇಡೀ ಹಾದಿಯಲ್ಲಿ ನಂಬಬಹುದಾದ ಪರದೆ ಎನ್ನಿಸಿತು.

ಬ್ರೌಸರ್‌ನಿಂದ ಆ್ಯಪ್‌ಗೆ ಮರಳುವ ವಿಳಾಸವನ್ನು ಇನ್ನೊಂದು ಆ್ಯಪ್ ಕೂಡ ತನ್ನದೆಂದು ನೋಂದಾಯಿಸಿಕೊಂಡು ಲಾಗಿನ್ ಕೋಡನ್ನು ಹಾರಿಸಿಕೊಂಡು ಹೋಗಬಹುದಾದ್ದರಿಂದ, ಪಿಕೆಸಿಇ ಎಂಬ ರಕ್ಷಣಾ ವಿಧಾನವನ್ನು ಅಳವಡಿಸಿದೆವು. ಆ್ಯಪ್ ತಾನೇ ಸೃಷ್ಟಿಸಿದ ಗುಟ್ಟೊಂದರ ಹ್ಯಾಶ್ ಅನ್ನು (ಗುಟ್ಟನ್ನು ಬಿಡಿಸಲಾಗದ ಅದರ ಅಚ್ಚು) ಮೊದಲು ಕಳಿಸಿ, ಕೋಡ್ ಕೊಟ್ಟು ಪ್ರವೇಶದ ಚೀಟಿಯಂಥ ಟೋಕನ್ ಪಡೆಯುವಾಗಷ್ಟೇ ಗುಟ್ಟನ್ನು ಹೇಳುತ್ತದೆ. ಕದ್ದ ಕೋಡ್ ಒಂದೇ ಯಾವುದಕ್ಕೂ ಒದಗದು. ಬಳಕೆದಾರರಿಗೆ ಇದರ ಸುಳಿವೂ ಸಿಗುವುದಿಲ್ಲ.

ಕಗ್ಗಂಟಾಗಿ ಉಳಿದದ್ದು ಗುರುತಿನ ಪ್ರಶ್ನೆ. ಒಮ್ಮೆ ಗೂಗಲ್ ಬಟನ್, ಇನ್ನೊಮ್ಮೆ ಇಮೇಲ್ ಮರೆಮಾಡುವ ಆ್ಯಪಲ್ ಬಟನ್ ಒತ್ತಿದವರು ನಮ್ಮ ಲೆಕ್ಕದಲ್ಲಿ ಇಬ್ಬರಾಗುತ್ತಿದ್ದರು. ಇಮೇಲ್ ಹೊಂದಿದಾಗಲೆಲ್ಲ ಖಾತೆಗಳನ್ನು ತಾನಾಗಿಯೇ ಕೂಡಿಸಿಬಿಡೋಣ ಎಂಬ ಸಲಹೆ ಬಂತು. ಅದು ಆ್ಯಪಲ್‌ನ ಮರೆಮಾಡಿದ ವಿಳಾಸಕ್ಕೆ ಒದಗುತ್ತಿರಲಿಲ್ಲ. ಮೇಲಾಗಿ, ದೃಢೀಕರಿಸದ ಇಮೇಲನ್ನು ನಂಬಿ ಕೂಡಿಸಿದರೆ ಪರರ ಖಾತೆಗೆ ನಾವೇ ಬಾಗಿಲು ತೆರೆದಂತೆ. ಹಳೆಯ ಖಾತೆಯೊಳಗೆ ಲಾಗಿನ್ ಆದವರು ಮಾತ್ರ ಇನ್ನೊಂದನ್ನು ಜೋಡಿಸಬಹುದೆಂದು ನಿಯಮ ಮಾಡಿದೆವು. ಹಿಂದಿನ ಸಲ ಒತ್ತಿದ್ದ ಬಟನ್‌ನ ಪಕ್ಕದಲ್ಲಿ ‘ಕಳೆದ ಬಾರಿ ಬಳಸಿದ್ದು’ ಎಂದು ತೋರಿಸುವ ಉಪಾಯ ವಿನ್ಯಾಸದ ಸಹೋದ್ಯೋಗಿಗೆ ಹೊಳೆಯಿತು. ಆ ಗುರುತು ಫೋನ್‌ನಲ್ಲಷ್ಟೇ ಉಳಿಯುವುದರಿಂದ ಫೋನ್ ಬದಲಿಸಿದವರಿಗೆ ಅದು ನೆರವಾಗದು. ಉಳಿದವರು ಎರಡನೆಯ ಖಾತೆ ತೆರೆದುಕೊಳ್ಳುವುದನ್ನು ತಪ್ಪಿಸಲು ಅಷ್ಟು ಸಾಕಿತ್ತು.