ಕಸ ತೆಗೆಯುವ ದಿನದ ಪಲ್ಯ

ಶ್ರಾವಣದಲ್ಲಿ ಒಳ್ಳೆಯ ಮಳೆಯೊಂದು ಬಿದ್ದು, ಕಾಲಿಗೆ ಅಂಟುವ ಮಣ್ಣು ಸ್ವಲ್ಪ ಆರಿದೊಡನೆ ಸಂಡೂರು ತಾಲ್ಲೂಕಿನ ಚೋರನೂರು ಕಡೆಯ ಹಳ್ಳಿಗಳಲ್ಲಿ ಹೆಂಗಸರು ಸಜ್ಜೆ, ಶೇಂಗಾ, ತೊಗರಿ ಹೊಲಗಳಿಗೆ ಕಸ ತೆಗೆಯಲು ಹೊರಡುತ್ತಾರೆ. ಬಳ್ಳಾರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ನಾನು ಕಳೆದ ವರ್ಷ ಅಂಥ ಒಂದು ದಿನವನ್ನು ಗೆಳತಿಯೊಬ್ಬಳ ದೊಡ್ಡವ್ವನ ಹೊಲದಲ್ಲಿ ಕಳೆದೆ. ಅವರದು ನಾಯಕ ಸಮುದಾಯದ ಮನೆತನ. 2011ರ ಜನಗಣತಿಯಂತೆ ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆಯಲ್ಲಿ ಶೇ. 18ಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರಾಗಿದ್ದು, ಅವರಲ್ಲಿ ಬಹುಪಾಲು ನಾಯಕರೇ. ಆದಿವಾಸಿಗಳ ಆಹಾರವೆಂದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಜೇನುಕುರುಬರು ಅಗೆದು ತರುವ ಕಾಡುಗೆಣಸನ್ನು ನಾವು ನೆನೆಯುತ್ತೇವೆ. ಬೇಟೆಯಿಂದ ಬೇಸಾಯಕ್ಕೆ ಬಂದು ತಲೆಮಾರುಗಳೇ ಕಳೆದಿರುವ ಬಯಲುಸೀಮೆಯ ಈ ಜನರ ಅಡುಗೆಮನೆಯಲ್ಲಿ ಬಿತ್ತದೆ ಬೆಳೆಯುವ ಸಸ್ಯಗಳಿಗೆ ಎಷ್ಟು ಜಾಗವಿದೆ ಎಂಬುದರ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ.

ದೊಡ್ಡವ್ವ ಸೀರೆಯ ಉಡಿ ಕಟ್ಟಿಕೊಂಡು ಸಾಲಿನಲ್ಲಿ ಕೂತರು. ಸೊಸೆ ಪಕ್ಕದ ಸಾಲು ಹಿಡಿದಳು. ನೋಡುವವರಿಗೆ ಅದು ಕಳೆ ಕೀಳುವ ಕೆಲಸ. ಆದರೆ ಕೈಗೆ ಬಂದ ಪ್ರತಿಯೊಂದು ಗಿಡವೂ ಮೂರರಲ್ಲಿ ಒಂದು ಕಡೆಗೆ ಹೋಗುತ್ತಿತ್ತು: ಎಳೆಯ ಸೊಪ್ಪಾದರೆ ಉಡಿಗೆ, ದನ ತಿನ್ನುವುದಾದರೆ ಬದುವಿನ ಮೇಲಿನ ಗುಡ್ಡೆಗೆ, ಎರಡಕ್ಕೂ ಬಾರದ್ದು ಬೇರು ಮೇಲಾಗಿ ಸಾಲಿನಲ್ಲೇ ಒಣಗಲು. ಚೆಂಚಲಿ, ಅಣ್ಣೆ ಸೊಪ್ಪು, ಗೋಳಿ ಸೊಪ್ಪು, ಕಿರಕಸಾಲೆ, ಕೊಮ್ಮೆಯ ಚಿಗುರು, ತಗಚೆಯ ಎಳೆ ಎಲೆ, ಇಷ್ಟೂ ಮೊದಲ ಒಂದೆರಡು ಸಾಲುಗಳಲ್ಲೇ ಉಡಿ ಸೇರಿದವು. ಅಣ್ಣೆಯ ಒಂದು ಗಿಡವನ್ನು ಮಾತ್ರ ಅವರು ಬದುವಿನ ಕಡೆಗೆ ಎಸೆದರು. ಕೇಳಿದ್ದಕ್ಕೆ, "ತೆನೆ ಬಿಟ್ಟೈತೆ ನೋಡವ್ವಾ, ಇದು ಇನ್ನು ದನಕ್ಕೆ, ನಮಗಲ್ಲ" ಎಂದರು. ಒಂದೇ ಗಿಡ ಈ ವಾರ ಮನುಷ್ಯರ ಪಾಲು, ಮುಂದಿನ ವಾರ ದನದ ಪಾಲು ಎಂಬ ಈ ಲೆಕ್ಕ ನನ್ನ ಪಠ್ಯಪುಸ್ತಕಗಳಲ್ಲಿ ಇಲ್ಲ. ಅಲ್ಲಿ ಇವೆಲ್ಲವೂ ಒಟ್ಟಾಗಿ ಅಗಲ ಎಲೆಯ ಕಳೆಗಳು.

ಇವರ ಕೈಗೆ ಗುರುತಿನಷ್ಟೇ ಎಚ್ಚರವೂ ಗೊತ್ತು. ಕಿರಕಸಾಲೆಯ ನಡುವೆ ಹುಟ್ಟಿದ್ದ ಉಮ್ಮತ್ತಿಯ ಎಳೆ ಸಸಿಯೊಂದನ್ನು ದೊಡ್ಡವ್ವ ಕಿತ್ತು, ಎಲೆಯನ್ನು ಬೆರಳಲ್ಲಿ ಹಿಸುಕಿ ನನ್ನ ಮೂಗಿಗೆ ಹಿಡಿದರು. ಆ ನಾತ ಸೊಪ್ಪಿನದಲ್ಲ. ಉಮ್ಮತ್ತಿಯ ಎಲೆ, ಬೀಜಗಳಲ್ಲಿರುವ ಅಟ್ರೊಪಿನ್, ಸ್ಕೋಪೊಲಮಿನ್ ಎಂಬ ವಿಷಗಳು ಪಲ್ಯದಲ್ಲಿ ಸೇರಿದರೆ ಬಾಯಿ ಒಣಗಿ, ಬುದ್ಧಿ ಭ್ರಮಿಸಿ, ಜೀವಕ್ಕೇ ಅಪಾಯವಾಗಬಹುದು. ಅದಕ್ಕಾಗಿಯೇ ಇಲ್ಲಿ ಚಿಕ್ಕ ಹುಡುಗಿಯರು ತಂದ ಸೊಪ್ಪನ್ನು ದೊಡ್ಡವರು ಮೊರದಲ್ಲಿ ಹರಡಿ ಮತ್ತೊಮ್ಮೆ ಆರಿಸುತ್ತಾರೆ, ಆರಿಸುತ್ತಲೇ ಹೆಸರು ಹೇಳಿಕೊಡುತ್ತಾರೆ. ಈ ವಿದ್ಯೆಗೆ ಹೊಲವೇ ಶಾಲೆ, ಕಸ ತೆಗೆಯುವುದೇ ಪಾಠ. ಹೊಲದಲ್ಲಿ ಕೂರುವ ಕೆಲಸವೇ ಇಲ್ಲವಾದರೆ ಕಲಿಸುವುದಕ್ಕೆ ಬೇರೆ ಸಮಯವಿಲ್ಲ.

ಹಳ್ಳದ ಕಡೆಗೆ ಅವರದೊಂದು ಎರೆ ಹೊಲದ ತುಂಡಿದೆ. ನಾನು ನಿಜವಾಗಿ ನೋಡಬೇಕೆಂದು ಹೋಗಿದ್ದದ್ದು ಅಲ್ಲಿನ ಕರ್ಚಿಕಾಯಿಯನ್ನು. ಹಾಗಲದ ಕುಲಕ್ಕೇ ಸೇರಿದ, ಸಸ್ಯಶಾಸ್ತ್ರದಲ್ಲಿ ಮೊಮೊರ್ಡಿಕಾ ಸಿಂಬಲೇರಿಯಾ ಎನ್ನಿಸಿಕೊಳ್ಳುವ ಈ ಬಳ್ಳಿಯನ್ನು ಸಾಮಾನ್ಯವಾಗಿ ಯಾರೂ ಬಿತ್ತುವುದಿಲ್ಲ. ನೆಲದೊಳಗೆ ಗೆಡ್ಡೆಯೊಂದಿದ್ದು, ಬೇಸಿಗೆಯಲ್ಲಿ ಬಳ್ಳಿ ಪೂರ್ತಿ ಒಣಗಿಹೋದರೂ ಆ ಗೆಡ್ಡೆ ಎರೆಯ ಬಿರುಕುಗಳ ಕೆಳಗೆ ಜೀವ ಹಿಡಿದುಕೊಂಡಿದ್ದು, ಮಳೆ ತಾಗಿದೊಡನೆ ಮತ್ತೆ ಚಿಗುರುತ್ತದೆ. ಬೆರಳ ತುದಿಯಷ್ಟು ಉದ್ದದ, ಏಣುಗಳಿರುವ ಕಾಯಿಗಳನ್ನು ಬೀಜ ಬಲಿಯುವ ಮುನ್ನವೇ ಕೀಳಬೇಕು. ಬಳ್ಳಾರಿ, ರಾಯಚೂರಿನ ಸಂತೆಗಳಲ್ಲಿ ಕರ್ಚಿಕಾಯಿಯನ್ನು ಮಾರುವವರು ಹೆಚ್ಚಾಗಿ ಹೀಗೆ ಹೊಲಗಳಲ್ಲಿ ಆಯ್ದು ತಂದ ಹೆಂಗಸರೇ. ಹಾಗಲಕಾಯಿಗಿಂತ ಇದರಲ್ಲಿ ಕ್ಯಾಲ್ಸಿಯಂ ಹೆಚ್ಚು ಎಂದು ಪೋಷಣಾ ಶಾಸ್ತ್ರಜ್ಞರು ವಿಶ್ಲೇಷಿಸಿ ಹೇಳಿದ್ದಾರೆ. ದೊಡ್ಡವ್ವ ಬಳ್ಳಿಯನ್ನು ಎಳೆಯದೆ, ಒಂದು ಕೈಯಲ್ಲಿ ಅದನ್ನು ಆನಿಸಿ ಹಿಡಿದು ಇನ್ನೊಂದರಲ್ಲಿ ಕಾಯಿ ಬಿಡಿಸುತ್ತಿದ್ದರು. ಆ ತುಂಡಿನಲ್ಲಿ ಟ್ರಾಕ್ಟರಿನ ಆಳದ ನೇಗಿಲು ಹೂಡಬೇಡ ಎಂದು ಮಗನಿಗೆ ಅವರು ಹೇಳುವುದು ಗೆಡ್ಡೆಯ ಕಾಳಜಿಯಿಂದ.

ಮಧ್ಯಾಹ್ನದ ಅಡುಗೆಗೆ ನಾನೂ ಕೈಹಾಕಿದೆ. ಉಡಿಯಲ್ಲಿ ಬಂದ ಬೆರಕೆ ಸೊಪ್ಪನ್ನು ಮೊದಲು ಕುದಿಸಿ ಆ ನೀರನ್ನು ಚೆಲ್ಲಿದರು. ಗೋಳಿ, ಕಿರಕಸಾಲೆಗಳಲ್ಲಿರುವ ಆಕ್ಸಾಲಿಕ್ ಆಮ್ಲ ಕುದಿನೀರಿನಲ್ಲಿ ಬಹುಮಟ್ಟಿಗೆ ಇಳಿದುಹೋಗುತ್ತದೆ. ಉಳಿದದ್ದು ಮಜ್ಜಿಗೆ, ಮೊಸರುಗಳ ಕ್ಯಾಲ್ಸಿಯಂ ಜತೆ ಕೂಡಿ ದೇಹಕ್ಕೆ ಅಷ್ಟಾಗಿ ಸೇರುವುದಿಲ್ಲ. ಆ ವಿವರಣೆ ನನ್ನದು. ನೀರು ಚೆಲ್ಲದಿದ್ದರೆ ನಾಲಿಗೆ ತುರಿಸುತ್ತದೆ ಎಂಬ ವಿವರಣೆ ಅವರದು, ಅದೇ ಹೆಚ್ಚು ಉಪಯೋಗದ್ದು. ಬೆಂದ ತೊಗರಿಬೇಳೆಯೊಂದಿಗೆ ಸೊಪ್ಪನ್ನು ಮಸೆದು, ಹುಣಸೆಹುಳಿ ಹಿಂಡಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟರು. ಕರ್ಚಿಕಾಯಿಯನ್ನು ಎಣ್ಣೆಯಲ್ಲಿ ಹುರಿದು ಶೇಂಗಾಪುಡಿ, ಖಾರ, ಚೂರು ಬೆಲ್ಲ ಹಾಕಿದರು. ಸಜ್ಜೆ ರೊಟ್ಟಿಯ ಜೊತೆ ಉಂಡ ಆ ಪಲ್ಯದಲ್ಲಿ ಒಂದೇ ಜಾತಿಯ ಸೊಪ್ಪಿನಿಂದ ಬಾರದ ಹುಳಿ, ಲೋಳೆ, ಸಣ್ಣ ಕಹಿ ಎಲ್ಲವೂ ಕೂಡಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ಸೊಪ್ಪೊಂದೇ ಅದನ್ನು ನೀಗಿಸುತ್ತದೆ ಎಂದು ನಾನು ಹೇಳಲಾರೆ. ಆದರೂ ಕಾಸು ಕೊಡದೆ ದಿನಕ್ಕೊಂದು ಹಿಡಿ ಸೊಪ್ಪು ಸಿಗುವ ದಾರಿಯೊಂದು ಮುಚ್ಚಿದರೆ, ಅದರ ನಷ್ಟ ಮೊದಲು ತಟ್ಟುವುದು ಈ ಹೆಂಗಸರಿಗೆ.

ಇದನ್ನು ಬರಗಾಲದ ಊಟವೆಂದು ಕರೆದು ಕೀಳಾಗಿ ಕಾಣುವವರಿದ್ದಾರೆ. ಬರಗಾಲದ ಮಾತು ಬಂದುದರಿಂದ ಹೇಳುತ್ತೇನೆ: 1876–78ರ ಮಹಾ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. 1877ರಲ್ಲಿ ಬ್ರಿಟಿಷ್ ಸರ್ಕಾರ ಬರ ಪರಿಹಾರದ ಉಸ್ತುವಾರಿಗೆ ಕಳಿಸಿದ್ದ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಗಳ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆಯ ಮಟ್ಟಕ್ಕೆ ಇಳಿಸಿದಾಗ, ಪ್ರಾಂತ್ಯದ ಸ್ಯಾನಿಟರಿ ಕಮಿಷನರ್, ಅಂದರೆ ಸಾರ್ವಜನಿಕ ಆರೋಗ್ಯದ ಮುಖ್ಯಾಧಿಕಾರಿ ಆಗಿದ್ದ ಕಾರ್ನಿಶ್, ದುಡಿಯುವ ದೇಹಕ್ಕೆ ಅದು ಸಾಲದು, ಬೇಳೆ ತರಕಾರಿಗಳೂ ಬೇಕೆಂದು ವಾದಿಸಿದರು. ಧಾನ್ಯದ ಪಕ್ಕದಲ್ಲಿ ಸೊಪ್ಪು ಇರಲೇಬೇಕೆಂಬುದು ಬರಗಾಲದ ಹತಾಶೆಯಲ್ಲಿ ಹುಟ್ಟಿದ ವಿಚಾರವಲ್ಲ. ಒಳ್ಳೆಯ ಮಳೆಯಾದ ವರ್ಷವೇ ಈ ಸೊಪ್ಪುಗಳು ಹುಲುಸಾಗಿ ಬರುವುದು, ಆಗಲೇ ಜನ ಹೆಚ್ಚು ತಿನ್ನುವುದು.

ಇಳಿಹೊತ್ತಿನಲ್ಲಿ ಗುಡ್ಡದ ಅಂಚಿನವರೆಗೆ ಹೋಗಿಬಂದೆವು. ಕವಳೆ ಹಣ್ಣಿನ ಕಾಲ ಮುಗಿದಿತ್ತು, ಬಾರಿ ಹಣ್ಣಿಗೆ ಚಳಿಗಾಲ ಬರಬೇಕು. ಸೀತಾಫಲ ಇನ್ನೂ ಎಳೆಗಾಯಿ. ಸಂಡೂರಿನ ಗುಡ್ಡಗಳ ಗುರುತೇ ಆಗಿರುವ ಸೀತಾಫಲ ಮೂಲದಲ್ಲಿ ಅಮೆರಿಕ ಖಂಡದ್ದು ಎಂಬುದನ್ನು ನಾನು ಪಾಠದಲ್ಲಿ ತಪ್ಪದೆ ಹೇಳುತ್ತೇನೆ, ಏಕೆಂದರೆ ಈ ಸಮುದಾಯಗಳ ಆಹಾರ ಹಿಂದೆಂದೋ ನಿಂತುಹೋದದ್ದಲ್ಲ, ಬಂದದ್ದನ್ನು ಪರೀಕ್ಷಿಸಿ ತನ್ನದಾಗಿಸಿಕೊಂಡಿರುವಂಥದ್ದು. ಇದೇ ತಾಲ್ಲೂಕಿನಿಂದ ಹೊಸಪೇಟೆಯ ಕಡೆಗೆ ಹರಡಿರುವ, 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಕರಡಿಗಳೂ ಬಾರಿ, ಕವಳೆಯಂಥ ಹಣ್ಣುಗಳನ್ನೇ ನೆಚ್ಚಿವೆ. ಗುಡ್ಡಕ್ಕೆ ಹೋಗುವ ಹೆಂಗಸರು ಗಿಡವನ್ನು ಪೂರ್ತಿ ಬರಿದು ಮಾಡದೆ ಬರುವುದಕ್ಕೆ ಅದೂ ಒಂದು ಕಾರಣ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಒಪ್ಪಿಕೊಂಡಿದೆ, ಗೆಡ್ಡೆಗೆಣಸುಗಳೂ ಅದರಲ್ಲಿ ಸೇರಿವೆ. ಆದರೆ ಗಣಿಯ ಕೆಂಪು ಧೂಳು ಎಲೆಯ ಮೇಲೆ ಕೂತ ಕಡೆ ಆ ಹಕ್ಕಿನಿಂದ ಏನು ಸಿಗುತ್ತದೆ? 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದು, ಬಳಿಕ ಷರತ್ತುಗಳೊಡನೆ ಹಂತಹಂತವಾಗಿ ಬಿಟ್ಟುಕೊಟ್ಟಿತು. ದೊಡ್ಡವ್ವನ ಗುಡ್ಡದ ಮಗ್ಗುಲು ಸದ್ಯಕ್ಕೆ ಹಸಿರಾಗಿದೆ.

ಆದರೂ ನನ್ನ ಹೆಚ್ಚಿನ ಆತಂಕ ಗುಡ್ಡದ್ದಲ್ಲ, ಹೊಲದ್ದು. ಹಿಂತಿರುಗುವಾಗ ಪಕ್ಕದವರ ಮೆಕ್ಕೆಜೋಳ ನೋಡಿದೆ: ಸಾಲುಗಳ ನಡುವೆ ಒಂದೇ ಒಂದು ಎಲೆಯಿಲ್ಲ. ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಜಿನ್‌ನಂಥ ಕಳೆನಾಶಕ ಹುಲ್ಲಿನ ಜಾತಿಯ ಬೆಳೆಯನ್ನು ಉಳಿಸಿ ಅಗಲ ಎಲೆಯವನ್ನು ಕೊಲ್ಲುತ್ತದೆ. ಅಂದರೆ ಉಡಿಗೆ ಬೀಳುತ್ತಿದ್ದ ಚೆಂಚಲಿ, ಅಣ್ಣೆ, ಗೋಳಿ, ಕಿರಕಸಾಲೆ ಅದರ ನೇರ ಗುರಿ. ತೊಗರಿಯೂ ಅದನ್ನು ತಾಳದಾದ್ದರಿಂದ, ಮುಖ್ಯ ಬೆಳೆಯ ನಡುವೆ ಬಿತ್ತುವ ಅಕ್ಕಡಿ ಸಾಲೂ ಹೋಗುತ್ತದೆ. ಹಾಗೆಂದು ಹೊಡೆಯುವವರನ್ನು ದೂರಲು ನನಗೆ ಮನಸ್ಸಿಲ್ಲ. ಬಿಸಿಲಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಸ ತೆಗೆಯುವ ಹೆಂಗಸರ ಸೊಂಟದ ನೋವು ಸಣ್ಣದಲ್ಲ, ಕೂಲಿಯೂ ಹಗುರವಲ್ಲ.

ರಾತ್ರಿ ಊಟದ ಹೊತ್ತಿಗೆ ಮನೆಯಲ್ಲೂ ಇದೇ ಮಾತು ಎದ್ದಿತು. "ಆಳು ಸಿಗಲ್ಲ ಅವ್ವಾ, ಬರೋ ವರ್ಷ ಕಸದ ಎಣ್ಣಿ ಹೊಡೆಯೋದೇ" ಎಂದ ಮಗ. ದೊಡ್ಡವ್ವ ಬೇಡವೆನ್ನಲಿಲ್ಲ, ಚೌಕಾಶಿಗೆ ಕೂತರು: ಬದುವಿನ ಪಕ್ಕದ ನಾಲ್ಕು ಸಾಲಿಗೆ ಎಣ್ಣೆ ಮುಟ್ಟಿಸಬಾರದು, ಅದರ ಕಸವನ್ನು ತಾನೇ ತೆಗೆಯುತ್ತೇನೆ ಎಂದರು. ಮಗ ಒಪ್ಪಿದ. ಆಮೇಲೆ ಹಳ್ಳದ ಕಡೆಯ ಎರೆ ತುಂಡನ್ನೂ ಸೇರಿಸಿದರು. ಅದಕ್ಕೆ ಅವನು ಒಪ್ಪಲಿಲ್ಲ, ಹತ್ತಿ ಹಾಕಬೇಕೆಂದ. ಅಲ್ಲಿಯವರೆಗೆ ಸುಮ್ಮನಿದ್ದ ಸೊಸೆ, ಕರ್ಚಿಕಾಯಿ ಮಾರಿದ ದುಡ್ಡು ಶ್ರಾವಣದಿಂದ ದೀಪಾವಳಿವರೆಗೆ ಸಂತೆಯ ಖರ್ಚಿಗೆ ಆಗುತ್ತದೆ ಎಂದು ಅತ್ತೆಯ ಪರ ಮಾತಾಡಿದಳು. ನಾನು ಬಳ್ಳಾರಿಯ ಬಸ್ಸಿಗೆ ಹೊರಡುವ ಹೊತ್ತಿಗೆ ನಾಲ್ಕು ಸಾಲಿನ ಮಾತು ಇತ್ಯರ್ಥವಾಗಿತ್ತು, ಎರೆ ತುಂಡಿನದು ಇನ್ನೂ ನಡೆದಿತ್ತು.