ಸೋಪು ಹಾಕಿ ತಿಕ್ಕಿದ ಹಲ್ಲು

ಹೋಬಳಿ ಮಟ್ಟದ ಖೋ ಖೋಗೆ ನಾಲ್ಕೇ ದಿನ ಬಾಕಿ. ಕಂಬ ಹಿಡಿದು ಹಾರಿ ಎದುರಾಳಿಯನ್ನು ಮುಟ್ಟುವ ಪೋಲ್ ಡೈವ್ ಮಾಡಿಸುತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗ ಅಂದಾಜು ತಪ್ಪಿ ಬಾಯಿಯನ್ನು ಸೀದಾ ಕಂಬಕ್ಕೇ ಕೊಟ್ಟ. ಮೇಲಿನ ಮುಂದಿನ ಹಲ್ಲು ಬೇರು ಸಮೇತ ಮಣ್ಣಿಗೆ ಬಿತ್ತು.

ರಕ್ತ ನೋಡಿ ಎದೆ ಧಸಕ್ಕೆಂದಿತು. ಆದರೂ ಹದಿನಾರು ವರ್ಷದ ಸರ್ವಿಸು, ಗೊತ್ತಿಲ್ಲದವನಂತೆ ನಿಲ್ಲೋಕಾಗುತ್ತಾ? ಹಲ್ಲನ್ನು ನಲ್ಲಿ ಹತ್ತಿರ ಒಯ್ದು ಸೋಪು ಹಾಕಿ ತಿಕ್ಕಿದೆ. ಬೇರಿಗೆ ತೆಳ್ಳಗೆ, ಗುಲಾಬಿ ಬಣ್ಣದ ಸಿಪ್ಪೆಯಂಥದ್ದು ಅಂಟಿತ್ತು. ಕೊಳೆ ಅಂದುಕೊಂಡು ಉಗುರಿನಿಂದ ಕೆರೆದು ಕೆರೆದು ತೆಗೆದೆ. ಬೆಳ್ಳಗಾಯಿತು ಅಂತ ಸಮಾಧಾನ ಬೇರೆ! ಫಸ್ಟ್ ಏಡ್ ಡಬ್ಬಿಯ ಹತ್ತಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಎಚ್.ಎಂ. ಮೀಟಿಂಗಿಗೆ ಹೋಗಿದ್ದರು. ಅವರಿಗೆ ಫೋನ್, ಹುಡುಗನ ಅಪ್ಪನಿಗೆ ಫೋನ್, ಆಮೇಲೆ ಬೈಕಲ್ಲಿ ತಾಲ್ಲೂಕಿಗೆ. ಒಂದೂಕಾಲು ಗಂಟೆ ಕಳೆದೇ ಹೋಯಿತು.

ಡಾಕ್ಟರಮ್ಮ ಹತ್ತಿ ಬಿಚ್ಚಿ ನೋಡಿದರು. "ಯಾರ್ರೀ ಇದನ್ನ ತಿಕ್ಕಿದ್ದು?"

ನಾನು ಕೆರೆದದ್ದು ಕೊಳೆಯಲ್ಲ, ಹಲ್ಲನ್ನು ಮೂಳೆಗೆ ಹಿಡಿದಿಡುವ ನಾರು. ಅದಕ್ಕೆ ಜೀವ ಇರುತ್ತದಂತೆ, ಒಣಗಿದರೆ ಸಾಯುತ್ತದಂತೆ. ಬೇರು ಮುಟ್ಟದೆ ಬಿಳಿ ಭಾಗ ಹಿಡಿದು, ಹತ್ತು ಸೆಕೆಂಡು ತಣ್ಣೀರಲ್ಲಿ ಜಾಲಿಸಿ, ಅಲ್ಲೇ ಹಲ್ಲಿನ ಗುಳಿಯೊಳಗೆ ಕೂರಿಸಿ, ಬಟ್ಟೆ ಕಚ್ಚಿಸಿ ಕರೆತರಬೇಕಿತ್ತು. ಕೂರಿಸೋಕೆ ಧೈರ್ಯ ಬರದಿದ್ದರೆ ತಣ್ಣನೆ ಹಾಲಲ್ಲಿ ಮುಳುಗಿಸಬೇಕಿತ್ತು. ನೀರಲ್ಲಿ ನೆನೆಸಿಡೋದೂ ತಪ್ಪು. ಹಾಲುಹಲ್ಲಾದರೆ ಮಾತ್ರ ವಾಪಸ್ ಕೂರಿಸಬಾರದು.

ಹಾಲು! ಕ್ಷೀರಭಾಗ್ಯದ ಪುಡಿ ಸ್ಟೋರ್ ರೂಮಲ್ಲಿ ಪ್ಯಾಕೆಟ್ಟುಗಟ್ಟಲೆ ಇತ್ತು. ಗೇಟಿನೆದುರಿನ ಅಂಗಡಿ ಫ್ರಿಜ್ಜಲ್ಲಿ ನಂದಿನಿ ಪ್ಯಾಕೆಟ್ಟೂ ಇತ್ತು.

ಬೈಸಿಕೊಂಡಿದ್ದಕ್ಕೆ ಬೇಜಾರಿಲ್ಲ. ಮತದಾರರ ಪಟ್ಟಿಗೂ ಗಣತಿಗೂ ಟ್ರೇನಿಂಗ್ ಕೊಟ್ಟವರು ಇದನ್ನು ಯಾಕೆ ಹೇಳಿಕೊಡಲಿಲ್ಲ ಅನ್ನೋದು ಬೇಜಾರು. ನಮ್ಮ ಡಬ್ಬಿಯಲ್ಲಿದ್ದದ್ದು ಹತ್ತಿ, ಟಿಂಚರ್, ಡೇಟ್ ಮುಗಿದ ಮುಲಾಮು. ಸ್ಟಾಕ್ ರಿಜಿಸ್ಟರ್ ಮಾತ್ರ ಪಕ್ಕಾ.

ಹಲ್ಲನ್ನು ಕೂರಿಸಿ, ಪಕ್ಕದ ಹಲ್ಲುಗಳಿಗೆ ಸೇರಿಸಿ ಎರಡು ವಾರ ತಂತಿ ಕಟ್ಟಿದರು. ರೂಟ್ ಕೆನಾಲೂ ಆಯಿತು. "ನಾರು ಹೋಗಿದೆ, ಮೂಳೆಗೇ ಅಂಟಿಕೊಳ್ಳಬಹುದು. ನಿಧಾನಕ್ಕೆ ಬೇರು ಕರಗುತ್ತೆ. ಇರೋವಷ್ಟು ದಿನ ಇರಲಿ" ಅಂದರು.

ಮೊನ್ನೆ ಚೆಕಪ್ಪಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಕನ್ನಡಿಯ ಹಿಡಿಯಿಂದ ಪಕ್ಕದ ಹಲ್ಲಿಗೆ ತಟ್ಟಿದರು, ಮೆತ್ತಗೆ ಸದ್ದಾಯಿತು. ಇದಕ್ಕೆ ತಟ್ಟಿದರು, ಟಣ್ ಅಂದಿತು. ಮೂಳೆಗೆ ಅಂಟಿಕೊಂಡಿದ್ದರ ಗುರುತಂತೆ. ಡಾಕ್ಟರಮ್ಮ ನನ್ನ ಕಡೆ ನೋಡಿದರು. ಹುಡುಗ ನಕ್ಕ. "ಸಾರ್, ಸ್ಕೂಲ್ ಬೆಲ್ ಥರ ಕೇಳುತ್ತೆ ಅಲ್ವಾ?"